ಹೆಸರು ಹಿಡಿದು

"ಅಂಜೂರ ಅನ್ನು."

"ಅಂಜೂರ."

"ಅಪ್ಪ ಅನ್ನು."

"ಅಪ್ಪ."

"ಈಗ ಎರಡನ್ನೂ ಸೇರ್ಸಿ, ನಡುವೆ ಇರೋ ಊರ ತೆಗೆದು ಅಲ್ಲಿ ಇನ ಇಟ್ಟು ಅನ್ನು, ನೋಡಾನ."

ನರಸಮ್ಮ ಬಾಯಿ ತೆರೆದಳು. ಉಸಿರು ಬಂತು, ಮಾತು ಬರಲಿಲ್ಲ. ಸೊಂಟದ ಮೇಲಿದ್ದ ಬಿಂದಿಗೆಯನ್ನು ಇನ್ನೊಂದು ಕಡೆಗೆ ಬದಲಾಯಿಸಿಕೊಂಡು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಅದರೊಳಗೇ ಏನೋ ಅಂದಳು.

"ಏನಂದ್ಲು?" ಎಂದಳು ಹಿಂದೆ ನಿಂತಿದ್ದ ಕದಿರಮ್ಮ.

"ಇಂಜಿನಪ್ಪ ಅಂದ್ಲು," ಎಂದಳು ಮುತ್ತಮ್ಮ. "ಪರವಾಗಿಲ್ಲ ಬಿಡು, ಲಾರಿ ಓಡ್ಸೋನಿಗೆ ಒಪ್ಪೋ ಹೆಸ್ರೇ."

ಪಟೇಲರ ತೋಟದ ಬಾವಿಯ ಸುತ್ತ ನೀರಿಗೆ ಕಾದು ನಿಂತಿದ್ದ ಹೆಂಗಸರೆಲ್ಲ ನಕ್ಕರು. ನರಸಮ್ಮನೂ ನಕ್ಕಳು. ಆದರೆ ಬಿಂದಿಗೆಯ ಕಂಠ ಹಿಡಿದಿದ್ದ ಅವಳ ಅಂಗೈ ಬೆವೆತು ಜಾರುತ್ತಿತ್ತು. ನಾಳೆ ಬೆಳಿಗ್ಗೆ ಇದೇ ಹೆಸರನ್ನು ಅವಳು ಹಳ್ಳದ ಸೇತುವೆಯ ಮೇಲೆ ನಿಂತು, ಊರಿಗೆಲ್ಲ ಕೇಳುವ ಹಾಗೆ, ಗಂಡನ ಮುಖಕ್ಕೇ ಹೇಳಬೇಕಾಗಿತ್ತು.

ಮದುವೆಯಾಗಿ ಎರಡು ವರ್ಷವಾಗಿತ್ತು. ಸಾಸಲಿನಿಂದ ಈ ಅರಳುಕುಂಟೆಗೆ ಸೊಸೆಯಾಗಿ ಬಂದ ದಿನ, ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರಿಟ್ಟು, ಗಂಡನ ಹೆಸರು ಹೇಳಿದರೆ ಒಳಗೆ ಬಿಡುತ್ತೇವೆಂದು ಎಲ್ಲರೂ ಅಡ್ಡ ನಿಂತಿದ್ದರು. ಅವಳು ಹೇಳಲಾರದೆ ಅತ್ತುಬಿಟ್ಟಿದ್ದಳು. ಕೊನೆಗೆ ಗಂಡನ ಅಜ್ಜಿ ಅಮ್ಮಯಮ್ಮನೇ ಬಂದು, "ಬಿಡ್ರೇ, ಆಮೇಲೆ ಹೇಳ್ತಾಳೆ" ಎಂದು ಕೈ ಹಿಡಿದು ಒಳಗೆ ಕರೆದುಕೊಂಡಿದ್ದಳು. ಆ ಆಮೇಲೆ ಎನ್ನುವುದು ಇವತ್ತಿನವರೆಗೂ ಬಂದಿರಲಿಲ್ಲ. ಆಂಜಿನಪ್ಪ ಅನ್ನುವುದಿರಲಿ, ಶನಿವಾರ ಆಂಜನೇಯನ ಗುಡಿಗೆ ಹೋಗುವಾಗಲೂ ಅವಳು "ಬಾಲದಪ್ಪನ ಗುಡಿಗೆ ಹೋಗ್ಬರ್ತೀನಿ" ಎಂದೇ ಹೇಳುತ್ತಿದ್ದಳು.

"ಇಂಜಿನ್ ಮೇಲೆ ಆಣೆ ಹಾಕಿ ಬಂದ್ಬಿಟ್ಟೀಯ ಮತ್ತೆ," ಎಂದು ಮುತ್ತಮ್ಮ ಹಗ್ಗ ಎಳೆಯುತ್ತ ಅಂದಳು. ಈ ಸಲ ಯಾರೂ ನಗಲಿಲ್ಲ.

ಊರಿನ ನಡುವೆಯೇ ಬಾವಿಯಿದ್ದೂ ಇವರು ಮುಕ್ಕಾಲು ಮೈಲಿ ನಡೆದು ಪಟೇಲರ ತೋಟಕ್ಕೆ ಬರತೊಡಗಿ ಮೂರು ತಿಂಗಳಾಗಿತ್ತು. ಬಾಂಗ್ಲಾ ಯುದ್ಧ ಮುಗಿದ ವರ್ಷ ಊರಿನ ಪಡುವಣಕ್ಕೆ, ರೈಲು ಹಳಿಯ ಪಕ್ಕದ ಗೋಮಾಳದಲ್ಲಿ, ಎಣ್ಣೆ ಡಿಪೋದ ಮುಳ್ಳುತಂತಿಯ ಬೇಲಿ ಎದ್ದಿತ್ತು. ಬೇಲಿಯೊಳಗೆ ಬೆಳ್ಳಿಯ ಬಣ್ಣ ಬಳಿದ ಮೂರು ದೊಡ್ಡ ಟ್ಯಾಂಕು. ರೈಲಿನ ವ್ಯಾಗನ್ನುಗಳಿಂದ ಡೀಸೆಲ್ಲು, ಸೀಮೆಎಣ್ಣೆ ಟ್ಯಾಂಕಿಗೆ ಇಳಿಯುತ್ತಿತ್ತು. ಟ್ಯಾಂಕಿನಿಂದ ಲಾರಿಗಳಿಗೆ ತುಂಬಿ ಊರೂರಿಗೆ ಹೋಗುತ್ತಿತ್ತು. ಟ್ಯಾಂಕು, ಲಾರಿ ತೊಳೆದ ನೀರು ಮಾತ್ರ ಒಂದು ಮೋರಿಯಲ್ಲಿ ಹರಿದು ಹಳ್ಳಕ್ಕೆ ಬೀಳುತ್ತಿತ್ತು. ಹಳ್ಳ ಊರಬಾವಿಯ ಬೆನ್ನಿಗೇ ಹೋಗುತ್ತಿತ್ತು. ಇದನ್ನೆಲ್ಲ ಒಂದಕ್ಕೊಂದು ಸೇರಿಸಿ ನೋಡುವುದಕ್ಕೆ ಊರಿಗೆ ತಡವಾಯಿತು. ತಡವಾದದ್ದು ನರಸಮ್ಮನಿಂದ.

ಕಾರ್ತಿಕದ ಒಂದು ಬೆಳಿಗ್ಗೆ ಊರಬಾವಿಗೆ ಮೊದಲು ಬಂದವಳು ಅವಳು. ಬಗ್ಗಿ ನೋಡಿದರೆ ನೀರಿನ ಮೇಲೆ ಬಣ್ಣ ಮಲಗಿತ್ತು. ನೀಲಿ, ಹಸಿರು, ಅದರ ಅಂಚಿಗೆ ನೇರಳೆ, ನಡುವೆ ಚಿನ್ನದ ಚುಕ್ಕಿ. ಅಮ್ಮಯಮ್ಮ ಅದೆಷ್ಟೋ ಸಲ ಹೇಳಿದ್ದ ಕಥೆ ಅವಳ ಕಣ್ಣೆದುರಿಗೇ ಬಂದಿತ್ತು. ಮಳೆ ಬಾರದ ಒಂದು ವರ್ಷ ನವಿಲೊಂದು ಬಾವಿಯೊಳಕ್ಕೆ ಇಳಿದು ಗಂಗಮ್ಮನನ್ನು ನೀರು ಕೇಳಿತಂತೆ. ನಿನ್ನ ಹತ್ತಿರ ಇರುವ ಒಳ್ಳೆಯದೊಂದನ್ನು ಕೊಡು ಅಂದಳಂತೆ ಗಂಗಮ್ಮ. ನವಿಲು ಒಂದು ಗರಿ ಕಿತ್ತು ಕೊಟ್ಟಿತಂತೆ. ಅಂದಿನಿಂದ ಯಾವ ಬಾವಿಯಲ್ಲಿ ಗಂಗಮ್ಮ ಸಂತೋಷವಾಗಿರುತ್ತಾಳೋ ಆ ಬಾವಿಯಲ್ಲಿ ಗರಿಯ ಬಣ್ಣ ತೇಲುತ್ತದಂತೆ. ನರಸಮ್ಮ ಬಿಂದಿಗೆಯನ್ನು ಅಲ್ಲೇ ಬಿಟ್ಟು ಮನೆಮನೆಗೆ ಓಡಿ, ಬಾವಿಗೆ ಗರಿ ಬಂದಿದೆ ಎಂದು ಹೇಳಿದ್ದಳು. ಹೆಂಗಸರು ಬಂದರು. ಬಾವಿಕಟ್ಟೆಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಆರತಿ ಎತ್ತಿದರು. ಆ ನೀರನ್ನೇ ತೀರ್ಥವೆಂದು ಎಲ್ಲರೂ ಕುಡಿದರು. ಆಗ ನರಸಮ್ಮ ಎರಡು ತಿಂಗಳ ಬಸುರಿ. ಅವಳಿಗೆ ಎರಡು ಸಲ ಕೊಟ್ಟರು.

ಮೂರು ವಾರ ಹಾಗೇ ನಡೆಯಿತು. ಮುದ್ದೆಗೆ ಏನೋ ವಾಸನೆ ಎಂದರು. ಮಕ್ಕಳ ಮೈಮೇಲೆ ಕೆಂಪಗೆ ಗಂದೆ ಎದ್ದವು. ಒಂದು ಸಂಜೆ ಆಂಜಿನಪ್ಪ ಬಿಂದಿಗೆಗೆ ಮೂಗು ಹಚ್ಚಿ, ಬೆರಳದ್ದಿ ಉಜ್ಜಿ ನೋಡಿ, "ಡೀಸೆಲ್ಲು" ಅಂದ. ಆರು ವರ್ಷ ಕ್ಲೀನರಾಗಿದ್ದವನು. ಮೂಗಿನಲ್ಲೇ ಎಣ್ಣೆಯ ಜಾತಿ ಹೇಳಬಲ್ಲವನು. "ಯಾರಿಗೂ ಹೇಳ್ಬೇಡ," ಎಂದ ಆಮೇಲೆ. ಅವಳು ಮರುದಿನವೇ ಮುತ್ತಮ್ಮನಿಗೆ ಹೇಳಿದಳು. ಅಷ್ಟು ಹೊತ್ತಿಗೆ ಮುತ್ತಮ್ಮನ ಹಸು, ಎಂಟು ತಿಂಗಳ ಗಬ್ಬ, ಸತ್ತ ಕರು ಹಾಕಿತ್ತು. ನರಸಮ್ಮ ಹೋಗಿ ನೋಡಿದ್ದಳು. ಕರುವಿಗೆ ರೆಪ್ಪೆಯ ಕೂದಲು ಕೂಡ ಬಂದಿತ್ತು. ಆವತ್ತಿನಿಂದ ಅವಳು ಮಲಗುವಾಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು; ಕೂಸು ಅಲುಗತೊಡಗಿದ ಮೇಲಂತೂ ಅದು ಒಂದು ಸಲ ಅಲುಗುವವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ.

ಊರಿನಲ್ಲಿ ಅರ್ಜಿ ಬರೆಯಲು ಬರುತ್ತಿದ್ದವನು ವೆಂಕಟರಮಣಪ್ಪನೊಬ್ಬ. ಅವನು ಮೂರು ಅರ್ಜಿ ಬರೆದ. ದೊಡ್ಡಬಳ್ಳಾಪುರದಿಂದ ಯಾರೋ ಬಂದು ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಹೋದರು. ಸೀಸೆ ಹೋದದ್ದು ಹೋಯಿತು. ಡಿಪೋದ ಗೇಟಿಗೆ ಹೋದರೆ ಸೂಪರ್‌ವೈಸರ್ ಸಂಜೀವಪ್ಪ ಕುರ್ಚಿ ಹಾಕಿಸಿಕೊಂಡು ಕೂತು ಕೇಳಿದ, "ಅಲ್ರಮ್ಮ, ಕಾರ್ತಿಕದಲ್ಲಿ ನೀವೇ ಇದಕ್ಕೆ ಆರತಿ ಎತ್ತಿದ್ರಂತೆ. ಈಗ ನಿಮ್ಮ ದೇವ್ರನ್ನ ನೀವೇ ಬೈತಿದೀರಲ್ಲ?" ಎಲ್ಲರೂ ತಲೆ ತಗ್ಗಿಸಿದರು. ನರಸಮ್ಮನಿಗೆ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ಗಂಡಸರಲ್ಲಿ ಅರ್ಧ ಜನ ಡಿಪೋದಲ್ಲೇ ಕೂಲಿಗೆ ಹೋಗುತ್ತಿದ್ದರು. ಹಾಗಾಗಿ ಹೋದ ವಾರ ಹೆಂಗಸರೇ ಹೋಗಿ ಸೇತುವೆಯ ಮೇಲೆ ಕೂತರು. ಲಾರಿಗಳು ನಿಂತದ್ದು ಅರ್ಧ ಗಂಟೆ. ಪೋಲೀಸಿನವರು ಬಂದು ಒಬ್ಬೊಬ್ಬರ ರಟ್ಟೆ ಹಿಡಿದು ಎಬ್ಬಿಸಿದರು.

"ಕೂತ್ರೆ ಎಬ್ಬುಸ್ತಾರೆ," ಎಂದಳು ಅಂದು ಸಂಜೆ ಅಮ್ಮಯಮ್ಮ, ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತ. "ಕಲ್ಲಿಟ್ರೆ ಎತ್ತಿ ಹಾಕ್ತಾರೆ. ಆಣೆ ಹಾಕ್ಬೇಕು. ಆಣೆ ಹಾಕಿದ್ರೆ ಹಾಕ್ದೋಳೇ ತೆಗೀಬೇಕು. ಪೋಲೀಸ್ನೋರು ಎಲ್ಲಿ ಹಿಡ್ದು ಎತ್ತುತಾರೆ ಅದನ್ನ?"

"ಸರಿ ಮತ್ತೆ, ನೀನೇ ಹಾಕು," ಎಂದಳು ಮುತ್ತಮ್ಮ. "ಸೋಮವಾರದಿಂದ ಮುಂದ್ಲ ಲಾರಿ ನಿನ್ನ ಮೊಮ್ಮಗನ್ದೇ ಅಂತೆ."

"ನಾನಾ? ನಂಗೆ ಎಂಬತ್ತಾಯ್ತು. ನನ್ಮೇಲಾಣೆ ಅಂದ್ರೆ, ಹೆಂಗೂ ಹೊರಟೈತೆ ಮುದುಕಿ ಅಂತ ಗೇರು ಬದಲಾಯಿಸ್ತಾನೆ. ಕಳ್ಕೊಳ್ಳೋಕೆ ಏನಾದ್ರೂ ಇರೋರು ಹಾಕ್ಬೇಕು ಕಣೆ ಆಣೇನ." ಅಮ್ಮಯಮ್ಮ ಯಾರ ಕಡೆಗೂ ನೋಡಲಿಲ್ಲ. ಉಳಿದವರೆಲ್ಲ ನರಸಮ್ಮನ ಹೊಟ್ಟೆಯ ಕಡೆಗೆ ನೋಡಿದರು. "ಹೆಸ್ರು ಹಿಡ್ದು ಹಾಕ್ಬೇಕು ಮತ್ತೆ," ಎಂದು ಮುದುಕಿ ಸೇರಿಸಿದಳು. "ಹೆಸರಿಲ್ದಿರೋ ಆಣೆ ಅಂದ್ರೆ ಮೇಲ್ವಿಳಾಸ ಇಲ್ದಿರೋ ಕಾಗ್ದ ಇದ್ದಂಗೆ. ಯಾರ ಮನೇಗೂ ಹೋಗಲ್ಲ."

ನರಸಮ್ಮ ಹೂಂ ಅಂದಿದ್ದಳು. ಗರಿ ಬಂದಿದೆ ಎಂದು ಮನೆಮನೆಗೆ ಓಡಿದ ಕಾಲುಗಳು ಅವಳವೇ ಆಗಿದ್ದವು.

*

ದೀಪ ಹಚ್ಚುವ ಹೊತ್ತಿಗೆ ಆಂಜಿನಪ್ಪ ಬಂದ. ಹೊಸ ಖಾಕಿ ಕೋಟು. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ನಂಬರು. ಬಾಗಿಲಲ್ಲೇ ನಿಂತು, ಲಾಟೀನಿನ ಬೆಳಕಿಗೆ ಬಿಲ್ಲೆ ಹೊಳೆಯುವ ಹಾಗೆ ಎದೆ ತಿರುಗಿಸಿದ.

"ಹೆಂಗೈತೆ?"

"ಚೆನ್ನಾಗೈತೆ."

"ನಾಳೆ ಮುಂದ್ಲ ಗಾಡಿ ನಂದು. ಸಂಜೀವಪ್ಪನೋರು ಪಕ್ಕದಲ್ಲೇ ಕೂತು ನೋಡ್ತಾರಂತೆ. ಚಿಂತಾಮಣಿ ತನಕ ಹೋಗಿ ಬಂದ್ರೆ ಕಾಯಂ ಆರ್ಡರ್ ಬರೀತಾರೆ." ಒಂದೇ ಚೊಂಬು ನೀರಿನಲ್ಲಿ ಮುಖ, ಕೈ, ಕಾಲು ಮೂರನ್ನೂ ತೊಳೆದುಕೊಂಡ. ದೂರದಿಂದ ಹೊತ್ತು ತಂದ ನೀರೆಂದು ಅವನಿಗೂ ಗೊತ್ತಿತ್ತು. ಎಷ್ಟು ತೊಳೆದರೂ ಅವನ ಕೈಯಿಂದ ಡೀಸೆಲ್ಲಿನ ವಾಸನೆ ಹೋಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಆ ವಾಸನೆ ಬಂತೆಂದರೆ ಅವಳ ಮುಖ ಅರಳುತ್ತಿತ್ತು. ಈಗ ಸೆರಗು ಮೂಗಿಗೆ ಹೋಗುತ್ತಿತ್ತು.

ತಟ್ಟೆಗೆ ಮುದ್ದೆ ಇಟ್ಟು ಸಾರು ಬಡಿಸಿದಳು. ಎರಡು ತುತ್ತು ತಿಂದು ಅವನು ತಲೆ ಎತ್ತದೆ ಕೇಳಿದ.

"ನಾಳೆ ಹೆಂಗಸ್ರು ಮತ್ತೆ ರಸ್ತೇಲಿ ಕೂರ್ತಾರಂತೆ?"

"ಯಾರೋ ಅಂತಿದ್ರು."

"ನೀನು ಹೋಗ್ಬೇಡ."

ಅವಳು ಸಾರಿನ ಪಾತ್ರೆಯನ್ನು ಕಲಕಿದಳು. ಕಲಕುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ.

"ಕೇಳುಸ್ತಾ? ನನ್ನ ಹೆಂಡ್ತಿನೇ ನನ್ನ ಗಾಡಿಗೆ ಅಡ್ಡ ಕೂತ್ರೆ ಸಂಜೀವಪ್ಪನೋರು ಏನಂತಾರೆ? ಲೇ, ನನ್ಮೇಲಾಣೆ. ನಾಳೆ ಹಳ್ಳದ ಕಡೆ ಕಾಲಿಡ್ಕೂಡ್ದು ನೀನು."

ಸೌಟು ಅವಳ ಕೈಯಿಂದ ಜಾರಿ ಪಾತ್ರೆಯೊಳಗೆ ಬಿತ್ತು. ಅವನ ಬಾಯಿ ಮುಚ್ಚಬೇಕೆಂದು ಎತ್ತಿದ ಇನ್ನೊಂದು ಕೈ ಅರ್ಧದಲ್ಲೇ ನಿಂತಿತ್ತು. ಆಣೆ ಆಗಲೇ ಬಂದಾಗಿತ್ತು. ಅವನು ಮುದ್ದೆ ಮುರಿಯುತ್ತಿದ್ದ.

"ನೀರು ಕೆಟ್ಟೈತೆ ಅಂತ ನಂಗೂ ಗೊತ್ತು," ಎಂದ ತುತ್ತು ನುಂಗಿ, ಮೆತ್ತಗೆ. "ಕಾಯಂ ಒಂದಾಗ್ಲಿ. ದೊಡ್ಡಬಳ್ಳಾಪುರದಲ್ಲಿ ರೂಮು ಮಾಡಾನ. ಅಲ್ಲಿ ಬೀದೀಲೇ ನಲ್ಲಿ ಐತೆ. ತಿರುವಿದ್ರೆ ನೀರು. ಕೂಸು ಹುಟ್ಟೋ ಹೊತ್ಗೆ ಅಲ್ಲಿರ್ತೀವಿ."

ಅವಳಿಗೆ ಒಂದು ಕ್ಷಣ ನಲ್ಲಿ ಕಣ್ಣಿಗೆ ಬಂತು. ಅದರ ಕೆಳಗೆ ಹೊಳೆಯುವ ಬಿಂದಿಗೆ. ಆಮೇಲೆ ಪಟೇಲರ ತೋಟದಿಂದ ಬಿಸಿಲಲ್ಲಿ ಸಾಲಾಗಿ ಬರುವ ಮುತ್ತಮ್ಮ, ಕದಿರಮ್ಮ, ಅವರ ಸೊಸೆಯರು.

"ಅಜ್ಜಿ?" ಎಂದಳು.

"ಅಜ್ಜೀನೂ ಬರ್ತಾಳೆ."

"ಅಜ್ಜಿ ಎಲ್ಗೂ ಬರಲ್ಲ," ಎಂದು ಒಳಗಿನ ಕತ್ತಲಿಂದ ಅಮ್ಮಯಮ್ಮನ ದನಿ ಬಂತು. ಆಂಜಿನಪ್ಪ ನಕ್ಕ. ನರಸಮ್ಮನಿಗೆ ನಗು ಬರಲಿಲ್ಲ.

*

ಬೆಳಕು ಹರಿಯುವ ಮುಂಚೆಯೇ ಅವನು ಎದ್ದು ಡಿಪೋಗೆ ಹೋದ. ನರಸಮ್ಮ ಒಲೆಯ ಮುಂದೆ ಕೂತಳು. ಬೆಂಕಿ ಹಚ್ಚಲಿಲ್ಲ. ಹೊರಗೆ ಬಾಗಿಲುಗಳು ತೆರೆಯುವ ಸದ್ದು, ಬಳೆಗಳ ಸದ್ದು. ಮುತ್ತಮ್ಮ ಜಗಲಿಯವರೆಗೂ ಬಂದು ಕರೆದಳು. ಅವಳು ಓಗೊಡಲಿಲ್ಲ. ಒಳಗೆ ಕೂಸು ಒಂದು ಸಲ ಅಲುಗಿತು. ಇವಳು ಹೋದರೆ ಗಂಡನ ಮೇಲಿನ ಆಣೆ ಮುರಿಯುತ್ತದೆ. ಹೋಗದಿದ್ದರೆ ಲಾರಿ ಹೋಗುತ್ತದೆ, ಮೋರಿ ಹರಿಯುತ್ತದೆ. ಇಂಥದ್ದು ಅಜ್ಜಿಯ ಯಾವ ಕಥೆಯಲ್ಲೂ ಬಂದಿರಲಿಲ್ಲ. ಕಥೆಗಳಲ್ಲಿ ಆಣೆ ಒಂದೇ ಕಡೆಯಿಂದ ಬರುತ್ತಿತ್ತು.

ಅಮ್ಮಯಮ್ಮ ಗೋಡೆ ಹಿಡಿದುಕೊಂಡು ಬಂದು ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಹೋಗ್ಲಿಲ್ವಾ?"

"ಆಣೆ ಹಾಕವ್ರೆ ಅಜ್ಜಿ. ನೀನೂ ಕೇಳುಸ್ಕೊಂಡೆ."

"ಕೇಳುಸ್ಕೊಂಡೆ. ಹೆಸ್ರು ಹಿಡ್ದು ಹಾಕಿದ್ನಾ?"

ನರಸಮ್ಮ ನೆನಪು ಮಾಡಿಕೊಂಡಳು. ಮದುವೆಯಾದಾಗಿನಿಂದ ಅವನೂ ಅವಳ ಹೆಸರನ್ನು ಕರೆದವನಲ್ಲ. "ಇಲ್ಲ," ಎಂದಳು. "ಲೇ ಅಂದ್ರು."

"ಲೇ ಅಂದ್ರೆ ಈ ಊರಲ್ಲಿ ನೂರು ಜನ ಹೆಂಗಸ್ರು ತಿರುಗಿ ನೋಡ್ತಾರೆ. ಅದು ಯಾರಿಗಾದ್ರೂ ಅಂಟ್ಕೊಂಡಿರ್ಲಿ, ನಿಂಗಂತೂ ಅಂಟಿಲ್ಲ." ಮುದುಕಿ ಅವಳ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. "ಅವನನ್ನ ಎತ್ತಿ ಆಡ್ಸಿದೋಳು ನಾನು. ಅವನ ಮೇಲಿನ ಆಣೆ ನಿಜವಾಗ್ಲೂ ಬಿದ್ದಿದ್ರೆ ನಾನು ನಿನ್ನ ಕಳುಸ್ತಿದ್ನಾ? ಏಳು."

ಅವಳು ಅಜ್ಜಿಯ ಮುಖವನ್ನೇ ನೋಡಿದಳು. ಕಥೆ ಹೇಳುವಾಗ ಇರುತ್ತಿದ್ದ ಮುಖವೇ ಅದು. ಅದಕ್ಕೇ ಅವಳಿಗೆ ಪೂರ್ತಿ ಧೈರ್ಯ ಬರಲಿಲ್ಲ. ಆದರೂ ಎದ್ದಳು. ಮೂಲೆಯಲ್ಲಿದ್ದ ಹಳೇ ಮಣ್ಣಿನ ಬಿಂದಿಗೆ ತೆಗೆದುಕೊಂಡು, ಮೂರು ತಿಂಗಳಿಂದ ಯಾರೂ ಮುಟ್ಟದ ಊರಬಾವಿಗೆ ಹೋದಳು. ಕಟ್ಟೆಯ ಕಲ್ಲಿನ ಮೇಲೆ ಕಾರ್ತಿಕದ ಕುಂಕುಮ ಇನ್ನೂ ಕಂದಾಗಿ ಉಳಿದಿತ್ತು. ಕೆಳಗೆ ನೀಲಿ ಹಸಿರು ಬಣ್ಣ ಸುಮ್ಮನೆ ಮಲಗಿತ್ತು. ಈಗಲೂ ಅದು ಚೆಲುವಾಗಿಯೇ ಇತ್ತು. ಅವಳು ಬಿಂದಿಗೆ ಇಳಿಬಿಟ್ಟಳು.

ಹಳ್ಳದ ಸೇತುವೆ ಒಂದೇ ಲಾರಿಯ ಅಗಲ. ಎರಡು ಕಡೆಗೂ ಮೊಣಕಾಲುದ್ದದ ಮೋಟುಗೋಡೆ. ಊರಿನ ಕಡೆ ಸೇತುವೆ ಮುಗಿಯುವಲ್ಲಿ ಒಂದು ಹುಣಿಸೆಮರ. ಮೂವತ್ತು ಹೆಂಗಸರು ಮರದ ಈಚೆಗೆ, ಮೂಡಲ ಬಿಸಿಲಿಗೆ ಬೆನ್ನು ಹಾಕಿ ನಿಂತಿದ್ದರು. ಯಾರೂ ಕೂತಿರಲಿಲ್ಲ. ನರಸಮ್ಮ ಬಂದದ್ದನ್ನು ಕಂಡು ಮುತ್ತಮ್ಮ ದಾರಿ ಬಿಟ್ಟಳು.

ನರಸಮ್ಮ ಮರದ ಬುಡದಿಂದ ಶುರುಮಾಡಿ ಆಚೆ ಅಂಚಿನವರೆಗೆ, ರಸ್ತೆಗೆ ಅಡ್ಡಲಾಗಿ, ಬಿಂದಿಗೆಯ ನೀರನ್ನು ಸಣ್ಣ ಧಾರೆಯಾಗಿ ಸುರಿಯುತ್ತ ಹೋದಳು. ಧೂಳು ನೀರು ಕುಡಿದು ಕಪ್ಪಾಯಿತು. ಕಪ್ಪಿನ ಮೇಲೆ ಬಣ್ಣ ಹರಡಿ ನಿಂತಿತು, ಯಾರೋ ನವಿಲುಗರಿಯನ್ನು ರಸ್ತೆಗೆ ಅಡ್ಡ ಮಲಗಿಸಿದ ಹಾಗೆ.

ಆಗ ಡಿಪೋದ ಗೇಟು ತೆರೆದ ಸದ್ದು ಕೇಳಿಸಿತು.

ನಾಲ್ಕು ಲಾರಿಗಳು ಒಂದರ ಹಿಂದೆ ಒಂದು ಬಂದವು. ಮುಂದಿನ ಲಾರಿಯ ಗಾಜಿನ ಮೇಲೆ ಎದುರು ಬಿಸಿಲು ಬಿದ್ದು, ಅದರ ಹಿಂದೆ ಯಾರೂ ಕಾಣುತ್ತಿರಲಿಲ್ಲ; ಬರೀ ಒಂದು ಉರಿಯುವ ಬಿಳುಪು. ಲಾರಿ ಸೇತುವೆ ಹತ್ತಿ ನಿಂತಿತು. ಹಾರನ್ನು ಎರಡು ಸಲ ಕೂಗಿತು. ನರಸಮ್ಮ ಗೆರೆಯ ಈಚೆಗೆ, ಬಿಂದಿಗೆ ಸೊಂಟದಲ್ಲಿಟ್ಟುಕೊಂಡೇ ನಿಂತಳು. ಹಾರನ್ನು ನಿಂತಿತು. ಅವಳನ್ನು ಗುರುತು ಹಿಡಿದದ್ದಕ್ಕೇ ನಿಂತಿತೆಂದು ಅವಳಿಗೆ ತಿಳಿಯಿತು.

ಕಿಟಕಿಯಿಂದ ಸಂಜೀವಪ್ಪನ ತಲೆ ಹೊರಗೆ ಬಂತು. "ಏನಮ್ಮ, ಇವತ್ತು ನೀರು ಚಿಮುಕಿಸಿ ರಂಗೋಲಿ ಬೇರೆ ಇಡ್ತೀರಾ? ಪಕ್ಕಕ್ಕೆ ಹೋಗಿ."

"ರೀ," ಎಂದಳು ನರಸಮ್ಮ.

"ಯಾರ ರೀ? ಇಲ್ಲಿ ಇಬ್ರು ಇದೀವಿ."

ಹಿಂದಿನ ಲಾರಿಯಲ್ಲಿ ಯಾರೋ ನಕ್ಕರು. "ಬಿಡಪ್ಪ ಗಾಡಿ, ನಿಧಾನಕ್ಕೆ ಬಿಡು," ಎಂದ ಸಂಜೀವಪ್ಪ ಒಳಗೆ ತಿರುಗಿ. "ಹತ್ರ ಬಂದ್ರೆ ತಾವೇ ಸರೀತಾರೆ."

ಲಾರಿ ಹೊರಟಿತು. ನಡಿಗೆಗಿಂತ ನಿಧಾನವಾಗಿ, ತೂಕದಿಂದ ತೂಗುತ್ತ ಬಂತು. ನೆಲದ ಅದುರು ನರಸಮ್ಮನ ಅಂಗಾಲಿಗೆ ಹತ್ತಿ, ಕಾಲಲ್ಲಿ ಏರಿ, ಹೊಟ್ಟೆಗೆ ಬಂತು. ಅವಳು ಬಾಯಿ ತೆರೆದಳು. "ಇಂ," ಅಂದಳು. ಅಷ್ಟಕ್ಕೇ ನಿಂತಿತು.

"ಅಂಜೂರ," ಎಂದು ಬೆನ್ನ ಹಿಂದೆ ಮುತ್ತಮ್ಮ ಪಿಸುಗುಟ್ಟಿದಳು. ಅವಳ ದನಿಯಲ್ಲಿ ನಗುವಿರಲಿಲ್ಲ. "ನರಸಿ, ಅಂಜೂರ."

ಲಾರಿಯ ಮೂತಿ ಹುಣಿಸೆಮರದ ನೆರಳಿಗೆ ಬಂತು. ಗಾಜಿನ ಮೇಲಿನ ಬಿಳುಪು ಒರೆಸಿದಂತೆ ಹೋಯಿತು. ನಾಲ್ಕು ಮಾರು ದೂರದಲ್ಲಿ ಅವನ ಮುಖ ಇತ್ತು. ಹಣೆಯಲ್ಲಿ ಬೆವರು, ಎದೆಯಲ್ಲಿ ಬಿಲ್ಲೆ. ಬೇಡ ಎಂದು ತಲೆ ಆಡಿಸುತ್ತಿದ್ದ. ಅವನ ಕಣ್ಣಿನಲ್ಲಿ ಸಿಟ್ಟಿರುತ್ತದೆಂದು ಅವಳು ಎಣಿಸಿದ್ದಳು. ಅಲ್ಲಿದ್ದದ್ದು ಹೆದರಿಕೆ. ಅವಳದೇ ಹೆದರಿಕೆ.

"ಆಂಜಿನಪ್ಪ," ಎಂದಳು ನರಸಮ್ಮ.

ಹೆಂಗಸರ ನಡುವೆ ಒಂದು ಉಸಿರು ಸರಿದುಹೋಯಿತು. ಹೆಸರು ಬಾಯಿಂದ ಹೊರಗೆ ಬಂದ ಮೇಲೆ ಉಳಿದದ್ದು ತಾನಾಗಿ ಬಂತು, ಅವಳು ಹೇಳುತ್ತಿದ್ದಾಳೆಂದು ಅವಳಿಗೇ ಅನ್ನಿಸಲಿಲ್ಲ. "ಆಂಜಿನಪ್ಪ, ನನ್ಮೇಲಾಣೆ. ನನ್ನ ಹೊಟ್ಟೇಲಿರೋದ್ರ ಮೇಲಾಣೆ. ಆ ಮೋರಿ ಮುಚ್ಚೋ ತನಕ ಈ ಗೆರೆ ದಾಟ್ಕೂಡ್ದು ನೀನು."

ನೀನು ಎಂದಿದ್ದಳು. ಆ ಹೆಸರಿನ ಜೊತೆಗೆ ನೀವು ಎನ್ನಲು ಬಂದಿರಲಿಲ್ಲ.

ಲಾರಿ ನಿಂತಿತು. ಇಂಜಿನ್ನು ಮಾತ್ರ ಗುರುಗುಡುತ್ತಲೇ ಇತ್ತು. ಅವನ ಎಡಗೈ ಗೇರಿನ ಮೇಲಿತ್ತು. ಮುಂದಿನ ಚಕ್ರಕ್ಕೂ ಗೆರೆಗೂ ನಡುವೆ ಒಂದು ಗೇಣು ಧೂಳು. ಸಂಜೀವಪ್ಪ ಏನೋ ಹೇಳುತ್ತಿದ್ದ, ಇಂಜಿನ್ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಅವನ ಕೈ ಮುಂದಕ್ಕೆ ಮುಂದಕ್ಕೆ ತೋರಿಸುತ್ತಿತ್ತು. ನರಸಮ್ಮ ಕಣ್ಣು ಮುಚ್ಚಿಕೊಂಡಳು. ಬಿಂದಿಗೆ ಹಿಡಿದಿದ್ದ ಬೆರಳುಗಳು ಮರಗಟ್ಟಿದ್ದವು. ಅಜ್ಜಿಯ ಆಣೆಗಳೆಲ್ಲ ಕಥೆಯೊಳಗಿನವು. ಕಥೆಯಲ್ಲಿ ರಾಜನ ಆನೆಯೂ ನಿಲ್ಲುತ್ತದೆ. ಆನೆಗೆ ಕಾಯಂ ಆರ್ಡರು ಬೇಕಿರಲಿಲ್ಲ.

ಸದ್ದು ನಿಂತಿತು.

ಅವಳು ಕಣ್ಣು ತೆರೆಯುವ ಹೊತ್ತಿಗೆ ಅವನು ಬಾಗಿಲು ತೆಗೆದು ಆ ಕಡೆ ಇಳಿಯುತ್ತಿದ್ದ. ಹಳ್ಳದ ನೀರು ಸೇತುವೆಯ ಕೆಳಗೆ ಹರಿಯುವುದು ಕೇಳಿಸಿತು. ಸಂಜೀವಪ್ಪನೂ ಇಳಿದು ಬಂದ. ಅವನ ಕಿವಿಗಳು ಕೆಂಪಾಗಿದ್ದವು.

"ಹತ್ತೋ ಮೇಲಕ್ಕೆ."

ಆಂಜಿನಪ್ಪ ಲಾರಿಯ ಬಾಗಿಲು ಮುಚ್ಚಿದ.

"ಹತ್ತಲ್ವಾ? ಹಂಗಾದ್ರೆ ಬಿಲ್ಲೆ ಬಿಚ್ಚು."

ಅವನು ಬಿಲ್ಲೆ ಬಿಚ್ಚತೊಡಗಿದ. ಪಿನ್ನು ಹೊಸದು, ಬಿಗಿ. ಬೆರಳು ಜಾರಿತು. ಎಲ್ಲರೂ ನೋಡುತ್ತಿರುವಾಗ ಎರಡು ಮೂರು ಸಲ ಪ್ರಯತ್ನಿಸಿದ. ನರಸಮ್ಮನ ಕೈ ತಾನಾಗಿ ಮುಂದೆ ಬಂತು, ಮನೆಯಲ್ಲಿ ಬೆನ್ನಿಗೆ ಮುಳ್ಳು ಚುಚ್ಚಿದಾಗ ತೆಗೆದುಕೊಡುವ ಹಾಗೆ. ಗೆರೆ ಕಂಡು ಹಿಂದೆ ಹೋಯಿತು. ಕೊನೆಗೆ ಪಿನ್ನು ಬಿಟ್ಟಿತು. ಖಾಕಿಯಲ್ಲಿ ಎರಡು ತೂತು ಉಳಿದವು.

ಸಂಜೀವಪ್ಪ ಎರಡನೇ ಲಾರಿಯ ಡ್ರೈವರ್ ಸೊಣ್ಣಪ್ಪನನ್ನು ಕರೆದ. ಘಾಟಿ ಕಡೆಯವನು, ವಯಸ್ಸಾದವನು. ಸೊಣ್ಣಪ್ಪ ಬಂದು ಗೆರೆಯನ್ನೂ, ನರಸಮ್ಮನ ಹೊಟ್ಟೆಯನ್ನೂ ನೋಡಿ ತಲೆ ಕೆರೆದುಕೊಂಡ.

"ಹೆಸ್ರು ಹಿಡ್ದು ಹಾಕವ್ಳೆ ಸಾರ್."

"ನಿನ್ನ ಹೆಸರಲ್ವಲ್ಲಯ್ಯ."

"ನಂದಲ್ಲ. ಗಾಡಿ ಅವನ್ದು, ಆಣೆ ಅವನ ಮೇಲೆ. ಓಡ್ಸೋನು ನಾನಾದ್ರೆ ತಗುಲೋದು ಯಾರಿಗೆ ಅಂತ ಯಾರು ಹೇಳೋರು ಸಾರ್? ನಮ್ಮನೇಲೂ ಸೊಸೆ ತುಂಬಿದ ಬಸುರಿ."

"ಥೂ," ಎಂದ ಸಂಜೀವಪ್ಪ. ಸೈಡಿನಿಂದ ದಾಟಿಸಲು ಜಾಗವಿಲ್ಲ, ಹಿಂದೆ ತಿರುಗಿಸಲೂ ಇಲ್ಲ. ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು, ಫೋನು ಮಾಡಿ ದೊಡ್ಡ ಸಾಹೇಬರನ್ನೇ ಕರೆಸುತ್ತೇನೆ, ಪೋಲೀಸಿನವರನ್ನೂ ಕರೆಸುತ್ತೇನೆ ಎಂದು ಡಿಪೋ ಕಡೆಗೆ ನಡೆದ. ಅವನ ಬೂಟಿನ ಸದ್ದು ಸೇತುವೆಯ ಮೇಲೆ ತುಂಬ ಹೊತ್ತು ಕೇಳಿಸಿತು.

ಹೊತ್ತೇರಿತು. ಯಾರೂ ಬರಲಿಲ್ಲ. ಹೆಂಗಸರು ಈಗ ಕೂತರು. ಆ ಕಡೆ ಡ್ರೈವರುಗಳು ಲಾರಿಯ ಪಕ್ಕದ ನೆರಳಲ್ಲಿ ಬೀಡಿ ಹಚ್ಚ ಹೋಗಿ, ಎಣ್ಣೆಯ ನೆನಪಾಗಿ ಕಿವಿಗೆ ಸಿಕ್ಕಿಸಿಕೊಂಡರು. ಆಂಜಿನಪ್ಪ ಮರದ ಆಚೆ ನೆರಳಲ್ಲಿ, ಒಂದು ಕಲ್ಲಿನ ಮೇಲೆ ಕೂತಿದ್ದ. ಅವನು ಅವಳ ಕಡೆಗೆ ನೋಡಿರಲಿಲ್ಲ. ನರಸಮ್ಮ ಗೆರೆಯ ಈಚೆಗೆ, ಬಿಸಿಲಿನಲ್ಲಿ ಕೂತಿದ್ದಳು. ಮುತ್ತಮ್ಮ ಎರಡು ಸಲ ಹಿಂದೆ ಬಾ ಎಂದಳು. ಅವಳು ಏಳಲಿಲ್ಲ. ಗೆರೆಯ ನೀರು ಆರಿಹೋಗಿ, ಗೆರೆ ಎಲ್ಲಿತ್ತೆಂದು ತೋರಿಸಲು ಧೂಳಿನ ಮೇಲೆ ಬಣ್ಣದ ಒಂದು ಹೊಳಪು ಮಾತ್ರ ಉಳಿದಿತ್ತು. ಅವಳು ಅದನ್ನೇ ಕಾಯುತ್ತಿದ್ದಳು. ಬೆಳಗಿನಿಂದ ಕೂಸು ಅಲುಗಿರಲಿಲ್ಲ. ಅಲುಗಿದ್ದರೂ ಲಾರಿಯ ಅದುರಿನಲ್ಲಿ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡಳು. ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.

"ನರಸಮ್ಮ."

ದನಿ ಆ ಕಡೆಯಿಂದ ಬಂತು. ಹೆಂಗಸರ ಮಾತು ನಿಂತಿತು. ಸೊಣ್ಣಪ್ಪ ತಲೆ ಎತ್ತಿದ. ಆಂಜಿನಪ್ಪನ ಬಾಯಿಯಿಂದ ಆ ಹೆಸರು ಬಂದದ್ದನ್ನು ಯಾರೂ ಕೇಳಿದವರಿರಲಿಲ್ಲ, ಅವಳೂ ಕೇಳಿರಲಿಲ್ಲ. ಹೆಸರಾದ ಮೇಲೆ ಆಣೆ ಬರುತ್ತದೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಮುತ್ತಮ್ಮ ಅವಳ ಭುಜ ಹಿಡಿದುಕೊಂಡಳು. ಕದಿರಮ್ಮ ಕಿವಿ ಮುಚ್ಚಿಕೋ ಎಂದು ಸನ್ನೆ ಮಾಡಿದಳು. ನರಸಮ್ಮ ಮುಚ್ಚಿಕೊಳ್ಳಲಿಲ್ಲ.

ಆಂಜಿನಪ್ಪ ತನ್ನ ಕೈಗಳನ್ನು ನೋಡಿಕೊಂಡ.

"ಬಿಸಿಲು ಕಣೇ," ಎಂದ. "ಈ ಕಡೆ ನೆರಳೈತೆ."

ನರಸಮ್ಮ ತಲೆ ಎತ್ತಿ ಸೂರ್ಯನನ್ನು ನೋಡಿದಳು. ನೆತ್ತಿ ದಾಟಿ ಒಂದು ಗೇಣು ಪಡುವಣಕ್ಕೆ ವಾಲಿದ್ದ.

"ಇನ್ನೊಂಚೂರು ಹೊತ್ತು," ಎಂದಳು. "ಅದೇ ಬರ್ತದೆ."

ಹುಣಿಸೆಯ ನೆರಳು ಅವನ ಕಾಲ ಬಳಿಯಿಂದ ಹೊರಟು, ಲಾರಿಯ ಚಕ್ರವನ್ನು ಬಿಟ್ಟು, ಧೂಳಿನ ಮೇಲೆ ಇರುವೆಯ ಹಾಗೆ ಸರಿಯುತ್ತ ಬರುತ್ತಿತ್ತು. ಅದರ ಸಣ್ಣ ಎಲೆಗಳ ಅಂಚು ಗೆರೆಯ ಹೊಳಪನ್ನು ಮುಟ್ಟಿತು. ಅವಳು ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿ ಅದಕ್ಕೆ ಜಾಗ ಬಿಟ್ಟಳು.